ಮಾತಾಡುವ ಗಾಯ

"ಕೇಳ್ರಪ್ಪೋ ಕೇಳಿ. ಹಿರೇಗವಿಯ ದೊರೆಮಗಳು ಚಂದ್ರವ್ವೆಯ ಅಂಗೈ ಗಾಯ ಮೂರು ಒಗಟು ಹೇಳುತ್ತದೆ. ಮೂರನ್ನೂ ಒಡೆದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ಅವರ ಮೈ ಅವರದಲ್ಲ. ಬರುವವರು ಮನೆಯವರಿಗೆ ಹೇಳಿ ಬರತಕ್ಕದ್ದು."

ಡಂಗುರದವನು ಇದನ್ನು ಕೂಗಲಿಲ್ಲ. ಸಾವಿನ ಸುದ್ದಿ ತಂದವನ ಹಾಗೆ ಮೆಲ್ಲಗೆ ಹೇಳಿ ಮುಂದಕ್ಕೆ ಹೋದ. ಊರಾಚೆಯ ಬಯಲಲ್ಲಿ ಬಿಡಾರ ಹೂಡಿದ್ದ ಅಲೆಮಾರಿಗಳ ಹುಡುಗಿ ದುರುಗಿ ಅದನ್ನು ಕೇಳಿ ಎದ್ದು ನಿಂತಳು. ಹಿಂದಿನ ಡಂಗುರ ಕೇಳಿ ಹೋದ ಅವಳ ಅಣ್ಣ ಕೆಂಚ ತಿರುಗಿ ಬಂದಿರಲಿಲ್ಲ.

ಅರಮನೆಯ ಅಂಗಳದಲ್ಲಿ ಸೋತವರು ಸಾಲಾಗಿ ನಿಂತಿದ್ದರು. ಕಲ್ಲಾಗಿರಲಿಲ್ಲ, ಮೈ ಬೆಚ್ಚಗೇ ಇತ್ತು. ಕಣ್ಣು ಮಾತ್ರ ಹೊರಳುತ್ತಿದ್ದವು. ಕೆಂಚನ ಕಣ್ಣು ತಂಗಿಯನ್ನು ಕಂಡು ತುಂಬಿತು, ಆದರೆ ರೆಪ್ಪೆ ಮುಚ್ಚಲಿಲ್ಲ. ಅವನ ಬಿಗಿದ ಮುಷ್ಟಿಯ ಬೆರಳುಗಳನ್ನು ದುರುಗಿ ಬಿಡಿಸಲು ನೋಡಿದಳು. ಒಂದೂ ಬರಲಿಲ್ಲ.

ಅವಳಿಗಿಂತ ಮೊದಲು ಬಂದಿದ್ದ ಪರಸೀಮೆಯ ರಾಜಕುಮಾರನೊಬ್ಬ ನಕ್ಕ. "ಏನೇ ಗುಡಾರದವಳೇ, ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯೋಕೆ ಬಂದೆಯಾ?"

ಚಂದ್ರವ್ವೆ ಅಂಗೈಗೆ ಸುತ್ತಿದ್ದ ಬಟ್ಟೆ ತೆಗೆದಳು. ಎಳವೆಯಲ್ಲಿ ಮುಳ್ಳು ಗೀರಿದ ಗಾಯವಂತೆ, ಇನ್ನೂ ಹಸಿ. ಬರಬರುತ್ತ ಅಗಲವಾಗುತ್ತ ಈಗ ಮಣಿಕಟ್ಟಿನ ತನಕ ಬಂದಿತ್ತು. ಅದರ ಅಂಚುಗಳು ತುಟಿಗಳಂತೆ ಅಲುಗಿದವು. ಹೊರಬಂದದ್ದು ಅವಳನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡ ರಾಣಿಯ ದನಿ. ದೊರೆ ಮುಖ ತಿರುಗಿಸಿಕೊಂಡ.

"ಕಾಲಿಲ್ಲದೆ ನಡೆದು ಬರುವವರು, ಸಲಿಕೆ ಇಲ್ಲದೆ ಹಳ್ಳ ಮುಚ್ಚುವವರು ಯಾರು?"

ರಾಜಕುಮಾರ ಹೊಳೆಯ ಮರಳು ಅಂದ. ಅಂದ ಬಾಯಿ ಅಂದಂತೆಯೇ ನಿಂತಿತು. ಆಳುಗಳು ಅವನನ್ನು ಎತ್ತಿ ಸಾಲಿನ ಕೊನೆಯಲ್ಲಿ ಇಟ್ಟರು. ಅವನ ಹಿಂದೆ ಇದ್ದ ಸರದಾರ ಮಳೆನೀರು ಅಂದ. ಅವನನ್ನೂ ಎತ್ತಿದರು.

ದುರುಗಿ ಒಗಟಿಗಿಂತ ಹೆಚ್ಚಾಗಿ ಅದನ್ನು ಕೇಳುತ್ತಿದ್ದ ಗಾಯದ ಬಗ್ಗೆ ಯೋಚಿಸಿದಳು. ಗಾಯ ಯಾರ ದಾರಿ ಕಾಯುತ್ತದೆ? ತನ್ನ ಮಂಡಿ ತರಚಿದಾಗಲೆಲ್ಲ ಹೊಸ ಚರ್ಮ ಅಂಚಿನಿಂದ ನಡುವಿಗೆ ತೆವಳಿ ಬರುವುದನ್ನು ಅವಳು ನೋಡುತ್ತ ಕೂತಿದ್ದುಂಟು. ಗಾಯದ ಹಳ್ಳ ಮುಚ್ಚಲು ತೆವಳಿ ಬರುವ ಮೈಯೊಳಗಿನ ಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ಅಂದಳು.

ಗಾಯ ನಿಟ್ಟುಸಿರಿಟ್ಟಿತು. "ಮುಂದಿನ ತುದಿಯಲ್ಲಿ ಬೆಳೆಯುತ್ತದೆ, ಹಿಂದಿನ ತುದಿಯಲ್ಲಿ ಕರಗುತ್ತದೆ, ಉದ್ದ ಮಾತ್ರ ಅಷ್ಟೇ. ಅದರ ಬಲದಿಂದಲೇ ಅವರ ನಡಿಗೆ. ಏನದು?"

"ನಮ್ಮ ಬಿಡಾರದ ಹಗ್ಗದಂಥದ್ದು, ತಾಯಿ. ನಮಗಿರೋದು ಒಂದೇ ಜೊತೆ ಹಗ್ಗ. ಹಿಂದೆ ಕಳಚಿದ್ದನ್ನೇ ಮುಂದೆ ಹೂಡ್ತೀವಿ. ಆ ಕಣಗಳ ಒಳಗೂ ಅಂಥ ಎಳೆ ಇರಬೇಕು."

ಮೂರನೆಯದನ್ನು ಗಾಯ ತಡೆತಡೆದು ಹೇಳಿತು. "ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವ ಮಾತು. ಕಿವಿ ಮೂಡುವ ಮೊದಲೇ ಮೈ ಕೇಳಿಸಿಕೊಳ್ಳುವ ಮಾತು. ಇವಳಿಗೆ ನಾವಿಬ್ಬರೂ ಕೊಟ್ಟದ್ದು ತೊದಲು. ಯಾವ ಮಾತು ಅದು?"

'ಕಟ್ಟು' ಎಂಬುದು ದುರುಗಿಯ ನಾಲಗೆ ತುದಿಗೆ ಬಂತು. ಅಷ್ಟರಲ್ಲೇ ಅವಳ ಹಿಮ್ಮಡಿ ಮರಗಟ್ಟತೊಡಗಿತು. ಆಗ ಅಜ್ಜಿ ಸತ್ತ ದಿನ ನೆನಪಾಯಿತು. ಬಿಡಾರದವರಲ್ಲಿ ಹಿರಿಯ ಹೆಂಗಸು ಬಾಯಿಬಿಟ್ಟು ಹೇಳದೆ ಯಾರೂ ಗುಡಾರದ ಗೂಟ ಕೀಳುವಂತಿಲ್ಲ. ಹೇಳುವ ಅಜ್ಜಿಯೇ ತೀರಿಕೊಂಡಿದ್ದಳು. ಹೊಳೆ ಏರಿ ಗುಡಾರದೊಳಗೆ ನುಗ್ಗಿದರೂ ಜನ ಹೆಣದ ಮುಖ ನೋಡುತ್ತ ನಿಂತೇ ಇದ್ದರು. ಕೊನೆಗೆ ದೊಡ್ಡವ್ವ ಅಳುತ್ತ ಆ ಮಾತು ಹೇಳಿದ ಮೇಲೇ ಅವರ ಕೈಕಾಲು ಆಡಿದ್ದು.

"ಬಿಚ್ಚು," ಅಂದಳು ದುರುಗಿ.

ದೊರೆ ತಿರುಗಿ ನೋಡಿದ. ಅವಳು ಅವನಿಗೆ ಬಿಡಿಸಿ ಹೇಳಿದಳು. "ಬುದ್ಧೀ, ನಿಮ್ಮ ಮಗಳ ಮೈಯಲ್ಲಿ ಕಟ್ಟುವವರಿಗೇನೂ ಬರವಿಲ್ಲ. ಬಿಚ್ಚು ಅಂತ ಹೇಳೋರಿಲ್ಲ. ಇರೋ ಹಗ್ಗವೆಲ್ಲ ಹಳೇ ಜಾಗದಲ್ಲೇ ಬಿಗಿದು ಕೂತಿದೆ. ಮುಂದೆ ಹೋಗಬೇಕಾದವರು ಬರಿಗೈಲಿ ನಿಂತಿದ್ದಾರೆ. ಗಾಯದ ಈ ದಡ ಆ ದಡವನ್ನು ನೋಡ್ತಾ ಇದೆ, ಅಷ್ಟೇ."

"ಹಾಗಾದರೆ ಅವರಿಗೆ ಹೇಳು ಮಗಳೇ," ಅಂದಿತು ಗಾಯ. "ನನ್ನಿಂದ ಆಗಲಿಲ್ಲ."

ದುರುಗಿ ಬಗ್ಗಿ, ಆ ಅಂಗೈಗೆ ತುಟಿ ತಾಗುವಷ್ಟು ಹತ್ತಿರ, ಬಿಡಾರದ ಹಿರಿಯಳ ದನಿಯಲ್ಲಿ ಆ ಮಾತು ಹೇಳಿದಳು. ಗಾಯದ ಅಂಚು ನಡುಗಿತು. ಆಮೇಲೆ ಎರಡೂ ದಡಗಳು ಎಲ್ಲರ ಕಣ್ಣೆದುರೇ ನಡೆಯತೊಡಗಿದವು. ಅಂಗಳದಲ್ಲಿ ಬಿಗಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವ ಸದ್ದು ಒಣಕಾಯಿ ಸಿಡಿದಂತೆ ಕೇಳಿಸಿತು. ಕೆಂಚ ಮೊಣಕಾಲೂರಿ ಬಿದ್ದು, "ಎಷ್ಟು ಹೊತ್ತೇ ನೀನು ಬರೋದು?" ಅಂದ.

ಏನು ಬೇಕೆಂದು ದೊರೆ ಕೇಳಿದ್ದಕ್ಕೆ, ಅವನ ಸೀಮೆಯ ಯಾವ ಬಯಲಿನಿಂದಲೂ ತಮ್ಮ ಜನರನ್ನು ಯಾರೂ ಎಬ್ಬಿಸಿ ಓಡಿಸಬಾರದು ಅಂದಳು. ದೊರೆ ಆಗಲೇ ಮಾತು ಕೊಟ್ಟ.

ಚಂದ್ರವ್ವೆ ಮಾಗಿದ ಅಂಗೈಯನ್ನು ಕಿವಿಗೆ ಒತ್ತಿಕೊಂಡಿದ್ದಳು. "ಅಮ್ಮ ಹೋದಳಾ?"

"ಹೂಂ ತಾಯಿ. ನಮ್ಮಲ್ಲೂ ಹಾಗೇ. ಎಲ್ಲರೂ ದಾಟಿದ ಮೇಲೇ ಹಿರಿಯಳು ಹೊರಡೋದು."

ಇಷ್ಟು ವರ್ಷ ಆ ದನಿಗೆ ಮುಖ ತಿರುಗಿಸುತ್ತಿದ್ದ ದೊರೆ ಮೆಲ್ಲಗೆ ಬಂದ. ಮಗಳ ಕೈಯನ್ನು ತನ್ನ ಕಿವಿಗೆ ಹಿಡಿದು ಬಹಳ ಹೊತ್ತು ಹಾಗೇ ನಿಂತ.