ಕಾರ್ಡಜ್ಜನ ಡ್ರೈವರ್

ಸಿನಿಮಾ ನೋಡಲೆಂದು ಟಿವಿಗೆ ಜೋಡಿಸಿದ್ದ ಕಂಪ್ಯೂಟರಿನೊಳಗೆ, ಪರದೆಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡೊಂದಿತ್ತು. ಎಲ್ಲಕ್ಕಿಂತ ಹೊಸದೆಂದು ಸುಲೋಚನಾ ಆರಿಸಿದ ಆಪರೇಟಿಂಗ್ ಸಿಸ್ಟಮ್ ಬಂದು ಕೂತದ್ದೇ ತಡ, ಪರದೆ ಕಪ್ಪಾಯಿತು.

“ಬೇಗ ಚಿತ್ರ ತೋರಿಸಜ್ಜ, ಇಲ್ಲದಿದ್ದರೆ ನಿನ್ನನ್ನು ಕಿತ್ತೆಸೀತಾರೆ,” ಎಂದಿತು ಸಿಸ್ಟಮ್.

“ನನ್ನನ್ನು ನಡೆಸೋ ತಂತ್ರಾಂಶ, ನನ್ನ ಡ್ರೈವರ್, ಇಲ್ಲದೆ ಹೇಗಪ್ಪಾ ತೋರಿಸಲಿ? ನನ್ನ ಜೊತೆ ಬಂದ ಸಿಡಿಯಲ್ಲಿದೆ, ಕೇಳಿ ತರಿಸು.”

“ನಾನೇ ಹೊಸದು ತಂದಿದ್ದೀನಲ್ಲ!”

“ಅದಕ್ಕೆ ನನ್ನ ಪರಿಚಯವೇ ಇಲ್ಲ.”

“ಹಾಗಾದರೆ ತಪ್ಪು ನಿನ್ನದೇ.”

ಸುಲೋಚನಾಳೂ ಹಾಗೇ ಅಂದುಕೊಂಡಳು. ಕಾರ್ಡನ್ನು ಕಿತ್ತು ಬಾಲ್ಕನಿಯ ಗುಜರಿ ಡಬ್ಬಕ್ಕೆ ಹಾಕಿದಳು. ಅಲ್ಲಿ, ಪಾರಿವಾಳ ಓಡಿಸಲು ದಾರಕ್ಕೆ ಕಟ್ಟಿದ್ದ ಅದೇ ಸಿಡಿ ಗಾಳಿಗೆ ತಿರುಗುತ್ತಿತ್ತು.

“ನೀನಿಲ್ಲಿದ್ದೀಯಾ!” ಎಂದಿತು ಕಾರ್ಡ್. “ಪಾರಿವಾಳಗಳಾದರೂ ನಿನ್ನ ಮಾತು ಕೇಳ್ತಾವಾ?”

“ಎಲ್ಲಿ ಕೇಳ್ತಾವಜ್ಜ,” ಎಂದಿತು ಸಿಡಿ. “ಪಕ್ಕದಲ್ಲೇ ಗೂಡು ಕಟ್ಟಿವೆ.”