ಮುಂದಕ್ಕೆ ಬಾಗಿದ ರೆಕ್ಕೆ

"ಕೇಳಿರಪ್ಪಾ ಕೇಳಿರಿ. ಇಮ್ಮಡಿ ಚಂಡಸಿಂಹ ಮಹಾರಾಜರ ಅಪ್ಪಣೆ. ರಾಜಕುಮಾರಿ ಕನಕಾಂಗಿಯವರ ವಿಮಾನ ಆಕಾಶದಲ್ಲಿ ರೆಕ್ಕೆ ಮುರಿದು ಬಿದ್ದಿದೆ. ಅದರ ಬಗ್ಗೆ ಮೂರು ಒಗಟು. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪು ಹೇಳಿದವರು ಇವತ್ತು ಸಂಜೆ ದರ್ಜಿ ಜ್ಞಾನೋಬನ ಜೊತೆಗೇ ಗಲ್ಲಿಗೇರುವರು."

ಡಂಗುರದವನು ಹೀಗೆ ಸಾರಿಕೊಂಡು ಹೋದ. ಆ ರಾಜ್ಯದಲ್ಲಿ ಸಿಂಹಾಸನವೂ ಇತ್ತು, ರೇಡಿಯೋ ರಿಮೋಟೂ ಇತ್ತು. ಅದು ಹೇಗೆ ಅಂತ ಕೇಳಬೇಡಿ, ಕತೆ ಹೇಳುತ್ತಿರುವವನು ನಾನು. ರಾಜಕುಮಾರಿ ಮೊಳದುದ್ದದ ವಿಮಾನಗಳನ್ನು ತಾನೇ ಕೆತ್ತಿ, ರಿಮೋಟ್ ಹಿಡಿದು ಹಾರಿಸುತ್ತಿದ್ದಳು. ಎಲ್ಲರ ವಿಮಾನದ ರೆಕ್ಕೆ ಬಾಲದ ಕಡೆಗೆ ಬಾಗಿದ್ದರೆ ಇವಳದು ಮೂತಿಯ ಕಡೆಗೆ ಬಾಗಿತ್ತು. ರೆಕ್ಕೆಗೆ ರೇಷ್ಮೆ ಹೊದಿಸಿದವನು ಜ್ಞಾನೋಬ. ಹಬ್ಬದ ದಿನ ಸಾವಿರ ಜನರೆದುರು ರೆಕ್ಕೆ ಲಟಕ್ಕನೆ ಮುರಿಯಿತು. ರಾಜನಿಗೆ ಅವಮಾನವಾಯಿತು. ದರ್ಜಿಯ ತಪ್ಪು ಅಂದ, ಮುಗಿಯಿತು.

ಜ್ಞಾನೋಬನ ತಮ್ಮ ಪಂಢರಿ ಡಂಗುರ ಕೇಳಿದವನೇ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಅರಮನೆಗೆ ನಡೆದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ಕೂತಳು.

ಸಭೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬ ಪಾಳೆಗಾರನ ಮಗ, ಇನ್ನೊಬ್ಬ ಶಾಲು ಹೊದ್ದ ಪಂಡಿತ. ಇಬ್ಬರ ಕಣ್ಣೂ ರಾಜಕುಮಾರಿಯ ಮೇಲೆ. ಕನಕಾಂಗಿ ಅಂಥದ್ದೇ ಇನ್ನೊಂದು ವಿಮಾನವನ್ನು ಸಭೆಯ ನಡುವೆ ಇರಿಸಿ ಮೊದಲ ಒಗಟು ಹೇಳಿದಳು.

"ವೇಗ ತಗ್ಗಿದಾಗ ಬೇರೆ ವಿಮಾನಗಳ ಕೈ ಮೊದಲು ಸೋಲುತ್ತದೆ. ನನ್ನದರ ಭುಜ ಮೊದಲು ಸೋಲುತ್ತದೆ, ಕೈ ಕೊನೆಯವರೆಗೂ ಹಿಡಿತ ಬಿಡುವುದಿಲ್ಲ. ಯಾಕೆ?"

"ತುದಿಗೆ ಗಟ್ಟಿ ಮರ ಹಾಕಿದ್ದೀರಿ, ಅದಕ್ಕೆ," ಅಂದ ಪಾಳೆಗಾರನ ಮಗ.

ರಾಜಕುಮಾರಿ ತಲೆ ಅಲ್ಲಾಡಿಸಿದಳು. ಕಾವಲಿನವರು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಪಂಡಿತ ನೆಲ ನೋಡುತ್ತ ಕೂತ.

ಪಂಢರಿ ಎದ್ದ. "ತಾಯಿ, ಗಾಳಿಯ ದಾರಿ ನೋಡುವುದಕ್ಕೆ ಅಂತ ನಮ್ಮಣ್ಣ ರೆಕ್ಕೆಯ ಮೇಲೆಲ್ಲ ಉಣ್ಣೆ ಎಳೆ ಅಂಟಿಸಿದ್ದ. ಫ್ಯಾನಿನ ಮುಂದೆ ಹಿಡಿದಾಗ ಎಳೆಗಳೆಲ್ಲ ಮೈಯ ಕಡೆಗೆ ವಾಲಿದವು. ಗಾಳಿ ತುದಿಯಿಂದ ಒಳಕ್ಕೆ ಜಾರುತ್ತದೆ. ದಣಿದ ಗಾಳಿಯೆಲ್ಲ ರೆಕ್ಕೆಯ ಬುಡದಲ್ಲಿ, ಭುಜದ ಹತ್ತಿರ ಸೇರಿ ಮೊದಲು ಅದೇ ಸೋಲುತ್ತದೆ. ತುದಿಗೆ ಹೊಸ ಗಾಳಿ ಸಿಗುತ್ತಲೇ ಇರುತ್ತದೆ."

"ಸರಿ," ಅಂದಳು. "ಎರಡನೆಯದು. ರೆಕ್ಕೆ ಮೈಗೆ ಅಂಟಿದ್ದು ಒಂದು ಕಡೆ, ಮೈಯನ್ನು ಎತ್ತುವುದು ಇನ್ನೊಂದು ಕಡೆ. ಆ ಜಾಗಕ್ಕೆ ಬೆರಳಿಡಿ."

ಪಂಡಿತನಿಗೆ ಈಗ ಧೈರ್ಯ ಬಂತು. ನೆಟ್ಟಗೆ ಹೋಗಿ ಬಾಲದ ಬುಡಕ್ಕೆ ಬೆರಳಿಟ್ಟ. ಅವನ ಶಾಲು ಸಭೆಯಲ್ಲೇ ಬಿತ್ತು, ಅವನನ್ನು ಹೊರಗೆ ಸಾಗಿಸಿದರು. ಪಂಢರಿ ಟೇಪು ತೆಗೆದು ಎಡ ರೆಕ್ಕೆಯ ನಡುವಿನಿಂದ ಬಲ ರೆಕ್ಕೆಯ ನಡುವಿಗೆ ಅಡ್ಡ ಹಿಡಿದ. ಅದು ಮೈಯನ್ನು ದಾಟಿದ್ದು ಭುಜಕ್ಕಿಂತ ನಾಲ್ಕು ಬೆರಳು ಮುಂದೆ. ಅಲ್ಲಿ ಬೆರಳಿಟ್ಟ.

"ಭುಜ ಹಿಂದಿದ್ದರೂ ರೆಕ್ಕೆಯ ನಡು ಮುಂದಿದೆ, ತಾಯಿ. ಭಾರವೂ ಅಲ್ಲಿಗೇ ಬರಲಿ ಅಂತ ನೀವು ಬ್ಯಾಟರಿಯನ್ನು ಮೂತಿಯೊಳಗೆ ಇಟ್ಟಿದ್ದೀರಿ."

"ಸರಿ." ರಾಜಕುಮಾರಿ ಈಗ ಒಮ್ಮೆ ಅಪ್ಪನ ಕಡೆ ನೋಡಿ ಕೇಳಿದಳು. "ಮೂರನೆಯದು. ಗಾಳಿ ಎತ್ತಿದಷ್ಟೂ ಈ ರೆಕ್ಕೆಯ ತುದಿ ತಿರುಚಿಕೊಂಡು ಮೇಲೇಳುತ್ತದೆ. ತಿರುಚಿದಷ್ಟೂ ಗಾಳಿ ಇನ್ನೂ ಎತ್ತುತ್ತದೆ, ಕೊನೆಗೆ ಮುರಿಯುತ್ತದೆ. ಆದರೆ ಗಾಳಿಯ ತಪ್ಪಲ್ಲ. ಹಬ್ಬದ ದಿನ ನನ್ನ ರೆಕ್ಕೆ ಮುರಿದವರು ಯಾರು?"

ಪಂಢರಿಗೆ ಉತ್ತರ ಗೊತ್ತಿತ್ತು. ಸುಳ್ಳು ಹೇಳಿದರೆ ಗಲ್ಲು, ನಿಜ ಹೇಳಿದರೂ ಗಲ್ಲಾಗಬಹುದು. ಎಂಥ ಪೇಚು ನೋಡಿ.

"ನೀವೇ ಬುದ್ಧಿ," ಅಂದ ರಾಜನಿಗೆ.

ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು.

"ಪೂರ್ತಿ ಹೇಳಿಬಿಡುತ್ತೇನೆ, ಆಮೇಲೆ ತಲೆ ತೆಗೆಯಿರಿ." ಪಂಢರಿ ಹೆಗಲ ವಸ್ತ್ರ ತೆಗೆದು ನೂಲಿನ ಗುಂಟ ಎಳೆದ. ಅದು ಹಿಗ್ಗಲಿಲ್ಲ. ಮೂಲೆಯಿಂದ ಮೂಲೆಗೆ ಎಳೆದ, ಹಿಗ್ಗಿತು. "ರೆಕ್ಕೆ ತಿರುಚಿದಾಗ ಅದರ ಬಟ್ಟೆಯನ್ನು ಹೀಗೆ ಮೂಲೆಗೆ ಮೂಲೆ ಎಳೆಯುತ್ತದೆ. ನೂಲು ಆ ದಿಕ್ಕಿಗೇ ಇದ್ದರೆ ತಡೆಯುತ್ತದೆ. ಅದಕ್ಕೆ ನಮ್ಮಣ್ಣ ರೇಷ್ಮೆಯನ್ನು ಓರೆಯಾಗಿ ಕತ್ತರಿಸಿ ಅಂಟಿಸಿದ್ದ. ಹಬ್ಬದ ಹಿಂದಿನ ದಿನ ತಾವು ಬಂದಿರಿ. ರೇಷ್ಮೆಯ ಮೇಲಿನ ಅರಮನೆಯ ಪಟ್ಟೆ ಸೊಟ್ಟಗೆ ಕಾಣುತ್ತದೆ, ಕಿತ್ತು ನೇರ ಹಾಕು ಅಂದಿರಿ. ಅವನು ಬೇಡ ಅಂದ. ತಾವು ಗದರಿದಿರಿ. ಹಾಕಿದ."

ರಾಜ ಮಗಳ ಕಡೆ ತಿರುಗಿದ. "ಅದರಿಂದಲೇ ಮುರಿಯಿತೇನಮ್ಮ?"

"ನಾನು ಹೌದು ಅಂದರೆ ಮಗಳ ಮಾತು ಅನ್ನಿಸೀತು, ಅಪ್ಪಾಜಿ. ಕೈಯಾರೆ ನೋಡಿ." ಅವಳು ಎರಡು ರೆಕ್ಕೆ ತರಿಸಿದಳು, ಒಂದಕ್ಕೆ ನೇರ ಬಟ್ಟೆ, ಇನ್ನೊಂದಕ್ಕೆ ಓರೆ ಬಟ್ಟೆ. ರಾಜ ಮೊದಲನೆಯದನ್ನು ತಿರುಚಿದ. ಹಿಂಡಿದ ಬಟ್ಟೆಯ ಹಾಗೆ ತಿರುಗಿತು. ಎರಡನೆಯದಕ್ಕೆ ಸಿಂಹಾಸನದಿಂದ ಎದ್ದು ನಿಂತು ಬಲ ಹಾಕಿದ. ಹಣೆ ಬೆವರಿತು, ರೆಕ್ಕೆ ಜಗ್ಗಲಿಲ್ಲ.

ಅವನು ರೆಕ್ಕೆಯನ್ನು ಮೆಲ್ಲಗೆ ಕೆಳಗಿಟ್ಟ. ನಾನೂ ರಾಜರನ್ನು ಅಷ್ಟಾಗಿ ನಂಬುವವನಲ್ಲ, ಆದರೆ ಇವನು ಆ ಹೊತ್ತಿಗೆ ಮನುಷ್ಯನಾದ. "ಉತ್ತರ ಸರಿ," ಅಂದ. "ಹಗ್ಗ ಇಳಿಸಿ. ಏನು ಬೇಕು ಕೇಳಪ್ಪ."

"ನಮ್ಮಣ್ಣನನ್ನು ಕೊಡಿ. ಆ ಇಬ್ಬರನ್ನೂ ಬಿಡಿ, ಪಾಪ."

"ಕೊಟ್ಟೆ. ಇನ್ನು ವಿಮಾನದ ಕೋಣೆಯಲ್ಲಿ ನೀವು ಅಣ್ಣ ತಮ್ಮಂದಿರೇ ಯಜಮಾನರು. ಕತ್ತರಿ ಹಿಡಿದವರ ಮಾತೇ ಅಲ್ಲಿ ನಡೆಯಲಿ, ನಾನೂ ಕೇಳಿಕೊಂಡೇ ಒಳಗೆ ಬರುತ್ತೇನೆ."

ಸೆರೆಮನೆಯಿಂದ ಜ್ಞಾನೋಬ ಕಣ್ಣು ಕಿರಿದು ಮಾಡಿಕೊಂಡು ಬಿಸಿಲಿಗೆ ಬಂದ. ನಡೆದದ್ದೆಲ್ಲ ಕೇಳಿದವನೇ ತಮ್ಮನ ಕೆನ್ನೆಗೆ ಒಂದು ಬಿಟ್ಟ.

"ನೇರ ಬಟ್ಟೆ ಕತ್ತರಿಸಿದ್ದು ನೀನು. ಬಾಯಿ ಬಿಟ್ಟರೆ ನಿನ್ನನ್ನೂ ಎಳೆದು ತರುತ್ತಾರೆ, ಅವ್ವನಿಗೆ ಒಬ್ಬನಾದರೂ ಉಳಿಯಲಿ ಅಂತ ನಾನು ಸುಮ್ಮನೆ ಸಾಯಲು ಕೂತಿದ್ದರೆ, ನೀನಾಗಿ ಬಂದು ಕೊರಳು ಒಡ್ಡಿದೆಯಲ್ಲೋ," ಅಂದ. ಅನ್ನುತ್ತಲೇ ತಬ್ಬಿಕೊಂಡು ಅತ್ತುಬಿಟ್ಟ.

"ಸಾಕು ಬಾರಣ್ಣ," ಅಂದ ಪಂಢರಿ. "ಅವ್ವ ಮೂರು ದಿನದಿಂದ ಒಲೆ ಹಚ್ಚಿಲ್ಲ."