ಅಜ್ಜನವರು ಕೇಳಿದ ಎರಡನೆಯ ಪ್ರಶ್ನೆ

ಹೊಳೆಸಾಲ ಮಠದ ಪೂಜ್ಯ ಶಾಂತವೀರ ಅಜ್ಜನವರನ್ನು ಗದ್ದುಗೆಯ ಮೇಲೆ ಕಂಡವರು ಕಡಿಮೆ. ಬೆಳಗಿನ ಪೂಜೆ ಮುಗಿದೊಡನೆ ದಾಸೋಹದ ಅಂಗಳಕ್ಕೆ ಬಂದು, ಹೆಂಗಸರ ನಡುವೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಮಥಿಯಾಸ್ ಪಾದ್ರಿಗಳು ಬಂದ ದಿನವೂ ಅವರ ತೊಡೆಯ ಮೇಲೆ ಮೊರವಿತ್ತು.

ಪಾದ್ರಿಗಳು ಮಡದಿ ರೊಸೀನಾ ಅವರೊಂದಿಗೆ ಜರ್ಮನಿಯಿಂದ ಧರ್ಮಪ್ರಚಾರಕ್ಕೆ ಬಂದವರು. ಮಠದ ಮೆಟ್ಟಿಲು ತುಳಿಯುವುದಿಲ್ಲವೆಂದು ನಿಶ್ಚಯಿಸಿದ್ದವರು. ಈಗ ಬೇರೆ ದಾರಿ ಇರಲಿಲ್ಲ. ರೊಸೀನಾ ಅವರಿಗೆ ಬಂದ ಚಳಿಜ್ವರ ಇಳಿದಿತ್ತು; ನಿತ್ರಾಣ ಮಾತ್ರ ಬಿಟ್ಟಿರಲಿಲ್ಲ. ಅಡುಗೆಯಾಳು ಜ್ವರಕ್ಕೆ ಹೆದರಿ ಓಡಿಹೋಗಿದ್ದ. ಪಾದ್ರಿಗಳು ಹಾಲು ಕಾಯಿಸಿದರೆ ಉಕ್ಕುತ್ತಿತ್ತು, ಗಂಜಿ ಮಾಡಿದರೆ ತಳ ಹಿಡಿಯುತ್ತಿತ್ತು. ಹೀಗೇ ಇದ್ದರೆ ಆಕೆ ಉಳಿಯುವುದಿಲ್ಲ, ಹಡಗು ಹತ್ತಿಸಿ ತವರಿಗೆ ಕಳಿಸಬೇಕು ಎಂದು ತೀರ್ಮಾನಿಸಿದ್ದರು. ದಾರಿಯಲ್ಲೇ ಏನಾದರೂ ಆದರೆ ಎಂಬ ಭಯವೂ ಎದೆಯಲ್ಲಿ ಕೂತಿತ್ತು. ರೇವಿನವರೆಗೆ ಹೋಗಲು ಕಮಾನು ಕಟ್ಟಿದ ಬಂಡಿ ಇದ್ದದ್ದು ಮಠದಲ್ಲಿ ಮಾತ್ರ.

“ಬರ್ರಿ. ಊಟ ಆತೇನ್ರಿ?” ಎಂದರು ಅಜ್ಜನವರು.

“ಆಯಿತು,” ಎಂದ ಪಾದ್ರಿಗಳು ಬಂಡಿ ಕೇಳಿದರು. “ಈ ಊರಿನಲ್ಲಿ ನಮಗೆ ಯಾರೂ ಇಲ್ಲ. ಆಕೆ ಮಲಗಿದಾಗಿನಿಂದ ಒಬ್ಬರೂ ನೆರವಿಗೆ ಬರಲಿಲ್ಲ.”

ಅಜ್ಜನವರು ಮೊರ ಕೆಳಗಿಟ್ಟರು. “ಏನು ಉಂಡ್ರಿ?”

“ಏನೂ ಇಲ್ಲ,” ಎಂದು ಪಾದ್ರಿಗಳು ಒಪ್ಪಿಕೊಂಡರು. ಹಿಂದಿನ ಮಧ್ಯಾಹ್ನದಿಂದ ಅವರು ಏನೂ ತಿಂದಿರಲಿಲ್ಲ.

“ಮತ್ತ ಆತು ಅಂದ್ರಲ್ಲ!” ಪಾದ್ರಿಗಳ ಎದುರುಮನೆಯ ನೀಲವ್ವ ಅಲ್ಲೇ ಜೋಳ ಆರಿಸುತ್ತಿದ್ದಳು; ತಡೆಯಲಾಗಲಿಲ್ಲ. “ದಿನಾ ನಿಮ್ಮ ಬಾಗಲಕ್ಕ ನಿಂತು ಊಟ ಆತೇನಂತ ಕೇಳ್ತೀನಿ, ದಿನಾ ಆತು ಅಂತೀರಿ. ದೊರಿ ಮನ್ಯಾಗ ಭಾರಿ ಅಡಗಿ ಆಗಿರಬೇಕು, ನನ್ನ ರೊಟ್ಟಿ ಯಾತಕ್ಕ ಅಂತ ಸುಮ್ಮನಾದೆ.”

“ಅದು ನಮಸ್ಕಾರದ ಮಾತು, ಯಾರಾದರೂ ಕೇಳಿದರೆ ‘ಆಯಿತು’ ಎನ್ನಬೇಕು ಎಂದು ಕನ್ನಡ ಕಲಿಸಿದ ಮುನ್ಷಿ ಹೇಳಿದ್ದಾರೆ.”

“ಆ ಮುನ್ಷಿ ಬಾಯಾಗ ಮಣ್ಣ ಬೀಳಲಿ!”

ಹೆಂಗಸರೆಲ್ಲ ನಕ್ಕರು. ಅಜ್ಜನವರು ನಗಲಿಲ್ಲ. “ಬಂಡಿ ಕಳಸ್ತೇವಿ. ಮೊದಲ ಆ ತಾಯಿ ಉಣ್ಣಲಿ,” ಎಂದಷ್ಟೇ ಹೇಳಿ ಮತ್ತೆ ಮೊರ ಎತ್ತಿಕೊಂಡರು.

ಪಾದ್ರಿಗಳು ಮನೆ ಮುಟ್ಟುವಷ್ಟರಲ್ಲಿ ನೀಲವ್ವ ಅವರ ಒಲೆಯ ಮುಂದೆ ಕುಳಿತಿದ್ದಳು. ನುಚ್ಚಿನ ಗಂಜಿ ಕುದಿಯುತ್ತಿತ್ತು. ಒಬ್ಬಾಕೆ ರೊಸೀನಾ ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. “ನೀವು ಹೊರಗ ಕೂಡ್ರಿ, ಅಡ್ಡಾಡಬ್ಯಾಡ್ರಿ,” ಎಂದು ಹೆಂಗಸರು ಪಾದ್ರಿಗಳನ್ನು ಅವರ ಮನೆಯಿಂದಲೇ ಅಟ್ಟಿದರು. ಕಟ್ಟೆಯ ಮೇಲೆ ಕುಳಿತ ಅವರಿಗೆ ಒಂದೊಂದಾಗಿ ಮುಖಗಳು ನೆನಪಾದವು. ಗಾಣಿಗ ಕೇಳಿದ್ದ, ಅಗಸಗಿತ್ತಿ ಕೇಳಿದ್ದಳು, ಓಣಿಯೇ ಕೇಳಿತ್ತು. ಒಂದೇ ಮಾತಿನಿಂದ ಬಾಗಿಲು ಮುಚ್ಚಿ, ಯಾರೂ ಬರಲಿಲ್ಲವೆಂದು ದೇವರಲ್ಲಿ ದೂರಿದವರು ತಾವೇ. ಒಳಗೆ ರೊಸೀನಾ ಯಾವುದಕ್ಕೋ ನಕ್ಕರು. ಪಾದ್ರಿಗಳು ಕಣ್ಣೊರೆಸಿಕೊಂಡರು.

ಕೆಲವು ದಿನಗಳ ಬಳಿಕ, ಆಡಿದ ಮಾತಿನಂತೆ, ಅಜ್ಜನವರ ಬಂಡಿ ಬಾಗಿಲಿಗೆ ಬಂತು.

“ಹೊರಡೂಣೇನ್ರಿ?” ಎಂದ ಬಂಡಿ ಹೊಡೆಯುವ ಈರಪ್ಪ.

ಪಾದ್ರಿಗಳು ಒಳಗೆ ಇಣುಕಿದರು. ರೊಸೀನಾ ಗೋಡೆಗೆ ಒರಗಿ ಕುಳಿತು ಹಿಟ್ಟು ತಟ್ಟುತ್ತಿದ್ದರು. “ಹಂಗಲ್ಲವ್ವಾ, ಹರೀತದ!” ಎಂದು ನೀಲವ್ವ ಗದರಿಸುತ್ತಿದ್ದಳು.

“ಇಲ್ಲಪ್ಪ, ನಾವು ಎಲ್ಲಿಗೂ ಹೋಗೂದಿಲ್ಲ,” ಎಂದರು ಪಾದ್ರಿಗಳು. “ಎತ್ತು ಬಿಚ್ಚಿ ಒಳಗ ಬಾ. ನಮ್ಮಾಕಿ ರೊಟ್ಟಿ ಮಾಡ್ಯಾಳ. ಎಲ್ಲಾ ಹರಕ ಅದಾವ, ಆದ್ರ ಬಿಸಿ ಅದಾವ.”